ವಿಯೆಟ್ನಾಂ ಉದ್ದಕ್ಕೂ ಹೋಗುವುದಾದರೆ ಮೊದಲು ಎರಡು ವಿಮಾನ ಬಿಡಿ

ಪ್ರಶ್ನೆ: ಮಾರ್ಚ್‌ನಲ್ಲಿ ನಾನು, ನನ್ನ ಹೆಂಡತಿ ಮತ್ತು 12 ವರ್ಷದ ಮಗಳು 14 ದಿನ ವಿಯೆಟ್ನಾಂಗೆ ಹೊರಟಿದ್ದೇವೆ. ಹನೋಯ್‌ನಲ್ಲಿ ಇಳಿದು ಸೈಗಾನ್‌ನಿಂದ ವಾಪಸ್. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ 19 ಜಾಗ ಇದೆ, ದೇಶದ ಒಳಗೇ ಮೂರು ವಿಮಾನ ಇದೆ. ಎರಡು ವರ್ಷದ ಹಿಂದೆ ಹೀಗೇ ಇನ್ನೊಂದು ದೇಶ ಸುತ್ತಿ ಬಂದೆವು. ಈಗ ಫೋನಿನಲ್ಲಿ ಎರಡು ಸಾವಿರ ಫೋಟೊ ಇವೆ, ತಲೆಯಲ್ಲಿ ಏನೂ ಉಳಿದಿಲ್ಲ. ಈ ಸಲ ನಿಜಕ್ಕೂ ನೆನಪಿನಲ್ಲಿ ಉಳಿಯುವುದು ಯಾವುದು, ಏನನ್ನು ಬಿಡಬಹುದು, ಹೇಳುತ್ತೀರಾ? ಹೆಂಡತಿ ಸಸ್ಯಾಹಾರಿ.

ಉತ್ತರ: ಮೊದಲು ಆ ಮೂರು ವಿಮಾನದಲ್ಲಿ ಎರಡನ್ನು ತೆಗೆಸಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಯಾಕೆ ಹೇಳುತ್ತೇನೆ ಅಂದರೆ, ವಿಯೆಟ್ನಾಂ ಉದ್ದುದ್ದ ಇರುವ ದೇಶ. ಮಧ್ಯದಲ್ಲಿ ಒಂದು ಕಡೆ ಎಷ್ಟು ಸಪೂರ ಅಂದರೆ, ಸಮುದ್ರದಿಂದ ಲಾವೋಸ್ ಗಡಿಗೆ ಸುಮಾರು 50 ಕಿ.ಮೀ. ಅಷ್ಟೇ. ಉತ್ತರದ ತುದಿಯಲ್ಲಿ ಸ್ವೆಟರ್ ಬೇಕು, ದಕ್ಷಿಣದಲ್ಲಿ ವರ್ಷವಿಡೀ ಬೇಸಿಗೆ. ಮಾತಿನ ಧಾಟಿ ಬೇರೆ, ಸೂಪಿನ ರುಚಿ ಬೇರೆ, ಮನೆ ಕಟ್ಟುವ ರೀತಿ ಬೇರೆ. ವಿಮಾನದಲ್ಲಿ ಹಾರಿದರೆ ನಿಮಗೆ ಸಿಗುವುದು ಮೂರು ಬಿಡಿ ಊರುಗಳು ಮತ್ತು ಒಂದೇ ಥರದ ಆರು ವಿಮಾನ ನಿಲ್ದಾಣಗಳು. ನೆಲದ ಮೇಲೆ ಇಳಿದುಕೊಂಡು ಹೋದರೆ ದೇಶ ಬದಲಾಗುವುದೇ ಕಣ್ಣಿಗೆ ಕಾಣುತ್ತದೆ. ಈ ದೇಶಕ್ಕೆ ಗುಂಪುಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ವರ್ಷ ಕಳೆದ ಮೇಲೆ ಸಿಕ್ಕವರನ್ನು ಸುಮ್ನೆ ಕೇಳುತ್ತಿರುತ್ತೇನೆ, ಏನು ನೆನಪಿದೆ ಅಂತ. ಜಾಸ್ತಿ ಜನ ಹೇಳುವುದು ಜಾಗದ ಹೆಸರನ್ನಲ್ಲ. ಒಂದು ರೈಲು, ಒಂದು ರಸ್ತೆ, ಒಂದು ಮುಂಜಾನೆ, ಹೀಗೆ ಹೇಳುತ್ತಾರೆ.

ರೈಲಿನಿಂದಲೇ ಶುರು ಮಾಡುತ್ತೇನೆ. ಹನೋಯ್‌ನಿಂದ ಸೈಗಾನ್‌ಗೆ 1,726 ಕಿ.ಮೀ. ಮೀಟರ್ ಗೇಜ್ ಹಳಿ ಇದೆ. ಫ್ರೆಂಚರು ಹಾಕಿಸಿದ್ದು, ಪೂರ್ತಿಯಾಗಿದ್ದು 1936ರಲ್ಲಿ. 1954ರಲ್ಲಿ ದೇಶ ಎರಡಾದಾಗ ಹಳಿಯೂ ಎರಡಾಯಿತು. ಯುದ್ಧ ಮುಗಿದ ಮೇಲೆ ಸೇತುವೆಗಳನ್ನು ಮತ್ತೆ ಕಟ್ಟಿ, 1976ರ ಡಿಸೆಂಬರ್ ಕೊನೆಗೆ ತುದಿಯಿಂದ ತುದಿಗೆ ರೈಲು ಬಿಟ್ಟರು. ಅದಕ್ಕೇ ಈಗಲೂ ಇದನ್ನು 'ಪುನರೇಕೀಕರಣ ರೈಲು' ಅನ್ನುತ್ತಾರೆ. ಪೂರ್ತಿ ಹೋಗಲು 30 ಗಂಟೆಗೂ ಜಾಸ್ತಿ ಬೇಕು. ಒಂದೇ ಉಸಿರಿಗೆ ಹೋಗಬೇಡಿ. ತುಂಡು ತುಂಡು ಮಾಡಿಕೊಳ್ಳಿ.

ಸ್ಲೀಪರ್‌ನಲ್ಲಿ ಎರಡು ಬಗೆ. ಆರು ಬರ್ತ್‌ನದು ಅಗ್ಗ, ಆದರೆ ಮೇಲಿನ ಬರ್ತ್‌ನಲ್ಲಿ ಎದ್ದು ಕೂರಲೂ ಆಗುವುದಿಲ್ಲ. ನಾಲ್ಕು ಬರ್ತ್‌ನ ಕ್ಯಾಬಿನ್ ತೆಗೆದುಕೊಳ್ಳಿ. ನೀವು ಮೂವರು, ನಾಲ್ಕನೆಯವರು ಯಾರೋ ಬರುತ್ತಾರೆ. ಬರಲಿ. ಒಂದು ಸಲ ನಮ್ಮ ಕ್ಯಾಬಿನ್‌ಗೆ ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ತಲೆ ಗಾತ್ರದ ಚಕ್ಕೋತ. ಅವರಿಗೆ ನಮ್ಮ ಮಾತು ಬಾರದು, ನಮಗೆ ಅವರದು ಬಾರದು. ಸಿಪ್ಪೆ ಬಿಡಿಸಿದರು. ತೊಳೆಗಳ ಮೇಲಿನ ಪೊರೆಯನ್ನೂ ಒಂದೊಂದಾಗಿ ಸುಲಿದು, ಕಾಗದದ ಮೇಲೆ ಸಾಲಾಗಿ ಇಟ್ಟರು. ಸಣ್ಣ ಪೊಟ್ಟಣದಿಂದ ಉಪ್ಪು-ಖಾರ ತೆಗೆದು ಪಕ್ಕಕ್ಕೆ ಸುರಿದರು. ಆಮೇಲೆ ನಮ್ಮ ಕಡೆ ತಳ್ಳಿ, ತಾವು ಮಾತ್ರ ಒಂದೇ ಒಂದು ತೊಳೆ ತಿಂದು ಮಲಗಿಬಿಟ್ಟರು. ಬೆಳಗಾಗುವಷ್ಟರಲ್ಲಿ ಯಾವುದೋ ಊರಲ್ಲಿ ಇಳಿದು ಹೋಗಿದ್ದರು. ಇಂಥದ್ದನ್ನು ಪಟ್ಟಿಯಲ್ಲಿ ಬರೆಯುವುದಕ್ಕೆ ಆಗುವುದಿಲ್ಲ. ಆದರೆ ವಿಮಾನದಲ್ಲಿ ಇದು ಆಗುವುದೇ ಇಲ್ಲ.

ಹಾಗಂತ ರೈಲು ಚೊಕ್ಕಟವಾಗಿರುತ್ತದೆ ಅಂತ ಮಾತ್ರ ತಿಳಿಯಬೇಡಿ. ಕಕ್ಕಸು ರಾತ್ರಿ ಕಳೆಯುವ ಹೊತ್ತಿಗೆ ಸುಸ್ತಾಗಿರುತ್ತದೆ. ಹಾಸಿಗೆ ತೆಳು. ಟಿಶ್ಯೂ, ಒಂದು ಹೊದಿಕೆ, ಕಪ್ ನೂಡಲ್ಸ್ ಇಟ್ಟುಕೊಳ್ಳಿ. ಬಿಸಿನೀರು ಬೋಗಿಯ ತುದಿಯಲ್ಲಿ ಸಿಗುತ್ತದೆ.

ಈಗ ಹನೋಯ್. ಮೂರು ದಿನ ಕೊಡಿ. ಮೊದಲ ದಿನದ ದೊಡ್ಡ ಅನುಭವ ರಸ್ತೆ ದಾಟುವುದು, ನಾನು ತಮಾಷೆಗೆ ಹೇಳುತ್ತಿಲ್ಲ. ಬೈಕುಗಳ ಹೊಳೆ ನಿಲ್ಲುವುದೇ ಇಲ್ಲ. ನಿಲ್ಲಲಿ ಅಂತ ಕಾದರೆ ಸಂಜೆಯಾಗುತ್ತದೆ. ಉಪಾಯ ಒಂದೇ: ನಿಧಾನವಾಗಿ, ಒಂದೇ ಹದದಲ್ಲಿ ನಡೆಯುತ್ತಾ ಹೋಗಿ. ಓಡಬೇಡಿ, ಮಧ್ಯದಲ್ಲಿ ನಿಲ್ಲಬೇಡಿ, ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ನೀವು ಮುಂದಿನ ಕ್ಷಣ ಎಲ್ಲಿರುತ್ತೀರಿ ಅಂತ ಬೈಕಿನವರು ಲೆಕ್ಕ ಹಾಕಿ ಸುತ್ತು ಬಳಸಿ ಹೋಗುತ್ತಾರೆ. ಹೆದರಿ ಹಿಂದೆ ಸರಿದರೆ ಅವರ ಲೆಕ್ಕ ತಪ್ಪುತ್ತದೆ. ಕಾರು, ಬಸ್ಸಿಗೆ ಈ ಉಪಾಯ ನಡೆಯುವುದಿಲ್ಲ, ಅವು ಬಂದರೆ ಬಿಟ್ಟುಬಿಡಿ. ಮಗಳ ಕೈ ಹಿಡಿದು ನಾಲ್ಕು ಸಲ ದಾಟಿ ನೋಡಿ. ಐದನೇ ಸಲ ಅವಳೇ ನಿಮ್ಮ ಕೈ ಹಿಡಿದು ದಾಟಿಸುತ್ತಾಳೆ.

ಹಳೇ ಪೇಟೆಯಲ್ಲಿ ಬೀದಿಗಳ ಹೆಸರು ಓದುತ್ತಾ ತಿರುಗಿ. ಬಹುಪಾಲು 'ಹಾಂಗ್' ಅಂತ ಶುರುವಾಗುತ್ತವೆ. ಹಾಂಗ್ ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ. ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿ ಇದ್ದ ಕಾಲದ ಹೆಸರುಗಳಿವು. ಕಾಲು ನೋವು ಬಂದಾಗ ಫುಟ್‌ಪಾತ್ ಮೇಲಿನ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕುಕ್ಕರಿಸಿ, ಮೊಟ್ಟೆ ಕಾಫಿ ಕುಡಿಯಿರಿ. 1946ರಲ್ಲಿ ಹಾಲಿಗೆ ಬರ ಬಂದಾಗ, ಇಲ್ಲಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಎನ್ನುವವರು ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿ ಮಾಡಿದ್ದು ಅದು. ಹೆಂಡತಿ ಮೊಟ್ಟೆ ತಿನ್ನದಿದ್ದರೆ ಫಿಲ್ಟರ್‌ನಿಂದ ತೊಟ್ಟು ತೊಟ್ಟಾಗಿ ಇಳಿಯುವ ಕಾಫಿ, ತಳದಲ್ಲಿ ಮಂದ ಸಿಹಿ ಹಾಲು. ಅದೂ ಕಮ್ಮಿ ಏನಲ್ಲ. ಹಳಿಯ ಪಕ್ಕ ಕೂತು ರೈಲು ನೋಡುವ ಬೀದಿಯ ವಿಡಿಯೊ ನೀವೂ ನೋಡಿರುತ್ತೀರಿ. ಅಪಾಯ ಅಂತ ಸರ್ಕಾರ ಅಲ್ಲಿನ ಕಾಫಿ ಅಂಗಡಿಗಳನ್ನು ಆಗಾಗ ಮುಚ್ಚಿಸುತ್ತದೆ. ಅದನ್ನೇ ನಂಬಿಕೊಂಡು ಹೋಗಬೇಡಿ.

ಇಲ್ಲಿ ಮಗಳಿಗೆ ಒಂದು ಕೆಲಸ ಕೊಡಿ. ವಿಯೆಟ್ನಾಂ ನೋಟುಗಳ ಹಿಂಬದಿಯನ್ನು ನೋಡಲು ಹೇಳಿ. ಎಲ್ಲದರ ಮುಂಬದಿಯಲ್ಲೂ ಹೋ ಚಿ ಮಿನ್ ಮುಖ. ಹಿಂಬದಿ ಮಾತ್ರ ನಿಮ್ಮ ಪ್ರವಾಸದ ನಕ್ಷೆಯೇ. ಒಂದು ಲಕ್ಷ ಡಾಂಗ್ ನೋಟಿನಲ್ಲಿ ಹನೋಯ್‌ನ ಸಾಹಿತ್ಯ ಮಂದಿರ. ಅದು 1070ರದ್ದು, ಅಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳಿವೆ, ಪರೀಕ್ಷೆ ಪಾಸಾದವರ ಹೆಸರು ಕೆತ್ತಿದ್ದು. ಎರಡು ಲಕ್ಷದಲ್ಲಿ ಹಾ ಲಾಂಗ್ ಕೊಲ್ಲಿ, ಸಮುದ್ರದಿಂದ ಸುಣ್ಣಕಲ್ಲಿನ ಗುಡ್ಡಗಳು ಎದ್ದಿರುವ ಜಾಗ. 50 ಸಾವಿರದಲ್ಲಿ ಹಳೇ ರಾಜಧಾನಿ ಹುಯೆ. 20 ಸಾವಿರದಲ್ಲಿ ಹಳೇ ವ್ಯಾಪಾರದ ಪಟ್ಟಣ ಹೋಯಿ ಆನ್‌ನ ಜಪಾನಿ ಸೇತುವೆ. ಪ್ರತಿ ಜಾಗದಲ್ಲೂ ನೋಟು ಎತ್ತಿ ಹಿಡಿದು ಹೋಲಿಸಿ ನೋಡಲಿ. ಒಂದು ಎಚ್ಚರಿಕೆ: 20 ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ನಾನೇ ಒಮ್ಮೆ ಎಳನೀರಿಗೆ 20 ಸಾವಿರ ಅಂತ ಐದು ಲಕ್ಷ ಕೊಟ್ಟು ನಡೆದುಬಿಟ್ಟಿದ್ದೆ. ಮಾರುವಾಕೆ ಕತ್ತಿ ಕೈಯಲ್ಲಿ ಹಿಡಿದೇ ಹಿಂದೆ ಓಡಿ ಬಂದರು. ಜನ ತಿರುಗಿ ನೋಡಿದರು, ನಾನೂ ಬೆದರಿದೆ. ದುಡ್ಡು ವಾಪಸ್ ಕೊಟ್ಟು ಬೈದು ಹೋದರು. ಆ ದಿನದಿಂದ ನೀಲಿ ನೋಟುಗಳಿಗೆ ಪರ್ಸಿನಲ್ಲಿ ಬೇರೆ ಬೇರೆ ಜೇಬು.

ಹಾ ಲಾಂಗ್ ಬಗ್ಗೆ ನೇರವಾಗಿ ಹೇಳುತ್ತೇನೆ. ಚೆನ್ನಾಗಿದೆ, ಸುಳ್ಳಲ್ಲ. ಆದರೆ ಮಾರ್ಚ್‌ನಲ್ಲಿ ಉತ್ತರದಲ್ಲಿ ಜಿನುಗು ಮಳೆ, ಮಂಜು ಇರುವುದುಂಟು. ನಿಮ್ಮ ಪಟ್ಟಿಯಲ್ಲಿರುವ ಹಾಗೆ ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಬಸ್ಸಿನಲ್ಲಿ ಕೂರುವುದೇ ಜಾಸ್ತಿ. ಅಂಥದ್ದೇ ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದ ಬದಲು ಗದ್ದೆಯಿಂದ ಎದ್ದಿದ್ದರೆ ಹೇಗಿರುತ್ತದೆ? ಅದೇ ನಿನ್ ಬಿನ್. ಹನೋಯ್‌ನಿಂದ ರೈಲಿನಲ್ಲಿ 115 ಕಿ.ಮೀ. ಅಲ್ಲಿ ಎರಡು ರಾತ್ರಿ ಇರಿ. ತಾಮ್ ಕೋಕ್‌ನಲ್ಲಿ ದೋಣಿ ನಡೆಸುವವರು ಬಹುತೇಕ ಹೆಂಗಸರು. ಕೈ ಸೋತಾಗ ಹಿಂದಕ್ಕೆ ಒರಗಿ, ಪಾದಗಳಲ್ಲಿ ಹುಟ್ಟು ಹಿಡಿದು ಸೈಕಲ್ ತುಳಿದ ಹಾಗೆ ನಡೆಸುತ್ತಾರೆ. ಮೂರು ಗುಹೆಗಳ ಒಳಗಿಂದ ನದಿ ಹಾದುಹೋಗುತ್ತದೆ, ತಾಮ್ ಕೋಕ್ ಅಂದರೇ ಮೂರು ಗುಹೆ. ಒಳಗೆ ಹೋದಾಗ ಮಾತು ನಿಲ್ಲಿಸಿ. ಸೂರಿನಿಂದ ನೀರು ತೊಟ್ಟಿಕ್ಕುವುದು, ಹುಟ್ಟಿನ ಕಿರ್ ಕಿರ್ ಸದ್ದು, ಅಷ್ಟೇ ಇರುತ್ತದೆ. ಕೊನೆಯಲ್ಲಿ ಕಸೂತಿ ಬಟ್ಟೆ ಕೊಳ್ಳಿ ಅನ್ನುತ್ತಾರೆ, ಟಿಪ್ಸ್ ಕೇಳುತ್ತಾರೆ. ಅದಕ್ಕೆ ಬೇಜಾರಾಗಬೇಡಿ. ಜನಜಂಗುಳಿ ಬೇಡ ಅಂದರೆ ಬೆಳಿಗ್ಗೆ ಮೊದಲ ದೋಣಿಗೇ ಹೋಗಿ.

ಅಲ್ಲಿಂದ ರಾತ್ರಿ ರೈಲು ಹಿಡಿದು ಹುಯೆಗೆ. ಬೆಳಗಿನ ಹೊತ್ತು ದೊಂಗ್ ಹಾ ನಿಲ್ದಾಣ ಬರುವ ಸ್ವಲ್ಪ ಮುಂಚೆ ರೈಲು ಬೆನ್ ಹಾಯ್ ನದಿ ದಾಟುತ್ತದೆ. ಕಣ್ಣು ಮಿಟುಕಿಸಿದರೆ ಮುಗಿಯಿತು, ಅಷ್ಟು ಸಣ್ಣ ಹೊಳೆ. ಇಪ್ಪತ್ತು ವರ್ಷ ಉತ್ತರ ವಿಯೆಟ್ನಾಂ, ದಕ್ಷಿಣ ವಿಯೆಟ್ನಾಂ ಅಂತ ಎರಡು ದೇಶ ಇದ್ದಾಗ ಗಡಿ ಇದೇ. ಆಚೆ ದಡದ ತಮ್ಮನಿಗೆ ಕಾಗದ ಬರೆಯುವುದೇ ಕಷ್ಟವಿದ್ದ ಕಾಲ. ಈಗ ಅದೇ ಜಾಗದಲ್ಲಿ ತಳ್ಳುಗಾಡಿಯವರು ಬೋಗಿಯೊಳಗೆ ಗಂಜಿ ಮಾರುತ್ತಾ ದಾಟುತ್ತಾರೆ. ಮ್ಯಾಪ್ ತೆರೆದಿಟ್ಟುಕೊಂಡು ಮಗಳನ್ನು ಎಬ್ಬಿಸಿ ತೋರಿಸಿ.

ಯುದ್ಧದ ಜಾಗಗಳ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಏಜೆಂಟರ ಪಟ್ಟಿಯಲ್ಲಿ ಸೈಗಾನ್ ಹತ್ತಿರದ ಕು ಚಿ ಸುರಂಗ ಇದ್ದೇ ಇರುತ್ತದೆ. ಅಲ್ಲಿ ದುಡ್ಡು ಕೊಟ್ಟರೆ ನಿಜವಾದ ಬಂದೂಕಿನಿಂದ ಗುಂಡು ಹಾರಿಸಲು ಬಿಡುತ್ತಾರೆ. ಆ ಢಂ ಢಂ ಸದ್ದಿನಲ್ಲಿ ಸುರಂಗ ನೋಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಬದಲಿಗೆ ಹುಯೆಯಿಂದ ಒಂದು ದಿನ ಉತ್ತರಕ್ಕೆ ಹೋಗಿ ವಿನ್ ಮೊಕ್ ಸುರಂಗ ನೋಡಿ. ಅಲ್ಲಿ ಅಡಗಿದ್ದು ಸೈನಿಕರಷ್ಟೇ ಅಲ್ಲ, ಇಡೀ ಊರಿನ ಸಂಸಾರಗಳು. ಬಾಂಬಿಗೆ ಹೆದರಿ ವರ್ಷಗಟ್ಟಲೆ ನೆಲದೊಳಗೇ ಇದ್ದರು. ಸುರಂಗದಲ್ಲೇ ಹೆರಿಗೆಯ ಕೋಣೆ ಇದೆ, ಅಲ್ಲಿ ಹುಟ್ಟಿದ ಮಕ್ಕಳಿದ್ದಾರೆ. ಸುರಂಗದ ಬಾಯಿಂದ ಹೊರಬಂದರೆ ಎದುರಿಗೆ ತಟ್ಟನೆ ಸಮುದ್ರ. ಸೈಗಾನ್‌ನ ಯುದ್ಧ ಮ್ಯೂಸಿಯಂನಲ್ಲಿ ವಿಷದ ರಾಸಾಯನಿಕಕ್ಕೆ ಸಿಕ್ಕವರ ಫೋಟೊಗಳಿವೆ. 12 ವರ್ಷದವಳಿಗೆ ಅದು ಭಾರ. ನೀವಿಬ್ಬರಲ್ಲಿ ಒಬ್ಬರು ಹೋಗಿ, ಒಬ್ಬರು ಅವಳ ಜೊತೆ ಹೊರಗಿರಿ.

ಹುಯೆ 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿ. ಕೋಟೆ ನೋಡಿ, ಒಂದು ಅರಸನ ಸಮಾಧಿ ನೋಡಿ. ಎಲ್ಲ ಸಮಾಧಿ ನೋಡುವ ಅಗತ್ಯ ಇಲ್ಲ, ಮೂರನೆಯದರ ಹೊತ್ತಿಗೆ ಮಗಳು ಐಸ್‌ಕ್ರೀಂ ಕೇಳುತ್ತಾಳೆ.

ಹುಯೆಯಿಂದ ದಾ ನಾಂಗ್‌ಗೆ ಬರೀ 103 ಕಿ.ಮೀ., ಆದರೆ ಎರಡೂವರೆ-ಮೂರು ಗಂಟೆ ಹಿಡಿಯುತ್ತದೆ. ಇದನ್ನು ಹಗಲು ಹೊತ್ತೇ ಮಾಡಿ, ಎಡಗಡೆ ಕಿಟಕಿ ಹಿಡಿಯಿರಿ. ಲಾಂಗ್ ಕೋ ಹಿನ್ನೀರು ದಾಟಿದ ಮೇಲೆ ರೈಲು ಹಾಯ್ ವಾನ್ ಬೆಟ್ಟಕ್ಕೆ ಅಂಟಿಕೊಂಡು ಏರುತ್ತದೆ. ಹಾಯ್ ಅಂದರೆ ಸಮುದ್ರ, ವಾನ್ ಅಂದರೆ ಮೋಡ. ರಸ್ತೆಯವರಿಗೆ 2005ರಲ್ಲಿ ಆರು ಕಿ.ಮೀ. ಮೀರಿದ ಸುರಂಗ ಆಯಿತು. ಕಾರು, ಬಸ್ಸು ಒಳಗೆ ನುಗ್ಗಿ ಆಚೆ ಬರುತ್ತವೆ, ಏನೂ ಕಾಣುವುದಿಲ್ಲ. ರೈಲು ಮಾತ್ರ ಹಳೇ ದಾರಿಯಲ್ಲಿ, ಸಮುದ್ರದ ಅಂಚಿನಲ್ಲೇ ಹಾವಿನಂತೆ ಸುತ್ತುತ್ತದೆ. ತಿರುವಿನಲ್ಲಿ ಮುಂದಿನ ಎಂಜಿನ್ ಕಾಣುತ್ತದೆ. ಕೆಳಗೆ ಬಂಡೆ, ಅದಕ್ಕೆ ಹೊಡೆಯುವ ಬಿಳಿ ನೊರೆ. ಸಣ್ಣ ಸಣ್ಣ ಸುರಂಗ ಬರುತ್ತವೆ, ಕತ್ತಲು, ಮತ್ತೆ ಬೆಳಕು, ಪ್ರತಿ ಸಲ ಸಮುದ್ರ ಇನ್ನೊಂದಿಷ್ಟು ಕೆಳಗೆ. ಈ ಬೆಟ್ಟವೇ ಹವೆಯ ಗಡಿ ಕೂಡ. ಉತ್ತರದ ಚಳಿಗಾಳಿಯನ್ನು ತಡೆಯುತ್ತದೆ. ಮೋಡದಲ್ಲಿ ಹತ್ತಿ ಬಿಸಿಲಿನಲ್ಲಿ ಇಳಿದದ್ದು ನನಗೆ ಒಂದೆರಡು ಸಲ ಆಗಿದೆ.

ದಾ ನಾಂಗ್‌ನಲ್ಲಿ ಬಾ ನಾ ಬೆಟ್ಟದ ಮೇಲೆ ದೈತ್ಯ ಕೈಗಳು ಎತ್ತಿ ಹಿಡಿದ ಸೇತುವೆ ನಿಮ್ಮ ಪಟ್ಟಿಯಲ್ಲಿ ಇರಬೇಕು. 2018ರಲ್ಲಿ ಕಟ್ಟಿದ್ದು. ಬಿಡಿ. ಆ ಒಂದು ದಿನ ಮಿ ಸನ್‌ಗೆ ಕೊಡಿ.

ಮಿ ಸನ್ ಅಂದರೆ ಚಾಮ್ ಜನರ ಹಳೇ ಚಂಪಾ ರಾಜ್ಯದ ಶಿವಾಲಯಗಳಿದ್ದ ಕಣಿವೆ. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಎಂಬ ಅರಸ ಇಲ್ಲಿ ಲಿಂಗ ಸ್ಥಾಪಿಸಿ ಭದ್ರೇಶ್ವರ ಅಂತ ಹೆಸರಿಟ್ಟ. ಶಾಸನಗಳು ಸಂಸ್ಕೃತದಲ್ಲಿವೆ, ಚಾಮ್ ಭಾಷೆಯಲ್ಲೂ ಇವೆ. ಅಷ್ಟು ದೂರದ ಕಾಡಿನಲ್ಲಿ ಗೊತ್ತಿರುವ ಹೆಸರೊಂದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಇದು ಚಾಮ್ ಜನರದೇ ಕೆಲಸ, ಇಟ್ಟಿಗೆಯ ಕೆಲಸ. ಹತ್ತಿರ ಹೋಗಿ ನೋಡಿ. ಎರಡು ಇಟ್ಟಿಗೆಯ ನಡುವೆ ಗಾರೆ ಕಣ್ಣಿಗೆ ಬೀಳುವುದಿಲ್ಲ. ಬ್ಲೇಡು ತೂರುವುದೂ ಕಷ್ಟ. ಕಟ್ಟಿದ ಮೇಲೆ ಇಟ್ಟಿಗೆಯ ಮೈಮೇಲೇ ಹೂಬಳ್ಳಿ ಕೆತ್ತಿದ್ದಾರೆ. ಹೊಸದಾಗಿ ರಿಪೇರಿ ಮಾಡಿದ ಇಟ್ಟಿಗೆಗೆ ಪಾಚಿ ಹಿಡಿದಿದೆ, ಸಾವಿರ ವರ್ಷದ್ದು ಇನ್ನೂ ಕೆಂಪಗಿದೆ.

1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬರ್‌ಗಳು ಇಲ್ಲಿ ಬಾಂಬು ಹಾಕಿದವು. ಎಲ್ಲಕ್ಕಿಂತ ಚೆಂದದ ಗೋಪುರ ಆಗಲೇ ಹೋಯಿತು. ಗುಡಿಗಳ ನಡುವೆ ದುಂಡಗೆ ಹುಲ್ಲು ಬೆಳೆದ ತಗ್ಗುಗಳು ಕಾಣುತ್ತವಲ್ಲ, ಕೊಳ ಅಂತ ತಿಳಿಯಬೇಡಿ, ಅವು ಬಾಂಬಿನ ಗುಂಡಿಗಳು. ಆಮೇಲೆ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆರ್ಜ್ ಕ್ವಿಯಾಟ್ಕೊವ್‌ಸ್ಕಿ 1980ರ ದಶಕದಲ್ಲಿ ಬಂದು, ಬಿದ್ದದ್ದನ್ನು ಎತ್ತಿ ನಿಲ್ಲಿಸಲು ವರ್ಷಗಟ್ಟಲೆ ದುಡಿದರು. ಹೋಯಿ ಆನ್‌ನಲ್ಲಿ ಅವರ ಪ್ರತಿಮೆ ಇದೆ, ನೋಡಿ ಬನ್ನಿ. ಇತ್ತೀಚೆಗೆ ಭಾರತದ ಪುರಾತತ್ವ ಇಲಾಖೆಯವರು ಕೆಲವು ಗುಂಪಿನ ಗುಡಿಗಳನ್ನು ಸರಿಪಡಿಸಿದರು. ಆ ಕೆಲಸದಲ್ಲೇ 2020ರಲ್ಲಿ ಒಂಬತ್ತನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಮೇಲೆ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಒಂಬತ್ತು ದಾಟಿದರೆ ಬಸ್ಸುಗಳು, ಬಿಸಿಲು, ಎರಡೂ ಬರುತ್ತವೆ.

ಹೋಯಿ ಆನ್‌ನಲ್ಲಿ ಮೂರು ರಾತ್ರಿ. ಸಂಜೆಯ ದೀಪಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಚಂದ್ರಮಾಸದ 14ನೇ ರಾತ್ರಿ ಕರೆಂಟ್ ದೀಪ ಆರಿಸಿ ಕಂದೀಲು ಮಾತ್ರ ಉರಿಸುತ್ತಾರೆ. ಚೆಂದವೇ, ಆದರೆ ಭುಜಕ್ಕೆ ಭುಜ ತಾಗುವ ಜನ. ನನಗೆ ಇಷ್ಟ ಬೆಳಿಗ್ಗೆ ಆರು ಗಂಟೆಯ ಹೋಯಿ ಆನ್. ಹಳದಿ ಗೋಡೆ, ಬೀದಿ ಗುಡಿಸುವ ಸದ್ದು, ನದಿ ಕಡೆಯಿಂದ ಮೀನು ತರುವ ಹೆಂಗಸರು. ಹಳೇ ವ್ಯಾಪಾರಿ ಮನೆಯೊಂದರ ಒಳಗೆ ಹೋದಾಗ ಗೋಡೆ ನೋಡಿ. ನೆರೆ ಎಲ್ಲಿಯವರೆಗೆ ಬಂತು ಅಂತ ಗೀಟು ಎಳೆದು ವರ್ಷ ಬರೆದಿರುತ್ತಾರೆ. 1964ರ ಗೀಟು ನಿಮ್ಮ ತಲೆಗಿಂತ ಮೇಲೆ. ಕೆಲವು ಮನೆಗಳ ಮಾಳಿಗೆಯ ನೆಲದಲ್ಲಿ ಕಿಂಡಿ ಇದೆ. ನೀರು ಬಂದಾಗ ಸಾಮಾನೆಲ್ಲ ಅದರ ಮೂಲಕ ಮೇಲಕ್ಕೆ. ಅಕ್ಟೋಬರ್, ನವೆಂಬರ್ ಬಂತೆಂದರೆ ಈಗಲೂ ಇದೇ ಕೆಲಸ. ನೀವು ಮಾರ್ಚ್‌ನಲ್ಲಿ ಹೋಗುತ್ತಿರುವುದು ಒಳ್ಳೆಯದೇ ಆಯಿತು.

ಹೆಂಡತಿಯವರ ಊಟದ ಚಿಂತೆ ಬೇಡ. ಎರಡು ಪದ ಕಲಿಯಲಿ: 'ಆನ್ ಚಾಯ್', ಸಸ್ಯಾಹಾರಿ ಅಂತ. ಬೌದ್ಧ ಪದ್ಧತಿಗಳು ಬೇರೂರಿರುವ ದೇಶ, ಅಮಾವಾಸ್ಯೆ ಕಳೆದ ಮೊದಲ ದಿನ ಮತ್ತು ಹುಣ್ಣಿಮೆಗೆ ಎಷ್ಟೋ ಜನ ಮಾಂಸ ಮುಟ್ಟುವುದಿಲ್ಲ. 'ಚಾಯ್' ಅಂತ ಬೋರ್ಡು ಇರುವ ಸಣ್ಣ ಹೋಟೆಲುಗಳು ಎಲ್ಲ ಊರಲ್ಲೂ ಇವೆ. ಬೇರೆ ಕಡೆ 'ತರಕಾರಿ ಮಾತ್ರ' ಅಂದರೆ ಸಾಲದು, ಅದರ ಮೇಲೂ ಮೀನಿನ ಸಾಸ್ ಸುರಿಯುತ್ತಾರೆ. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ ಸೈಟನ್ನೇ ಹೋಲುವ ನಕಲಿಗಳಿವೆ, ನೋಡಿಕೊಳ್ಳಿ.

ಇನ್ನು ಫೋಟೊ. ನಿಮ್ಮ ದೂರು ನಿಮ್ಮೊಬ್ಬರದಲ್ಲ. ಲಿಂಡಾ ಹೆಂಕೆಲ್ ಎಂಬ ಮನಃಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು, ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಬರೀ ನೋಡಿ ಅಂದರು. ಮಾರನೇ ದಿನ ಕೇಳಿದರೆ ಫೋಟೊ ತೆಗೆದವೇ ಕಮ್ಮಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರದಿಂದ ಜೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಗಾಗಿ ಗೋಪುರದ ಮುಂದೆ ಮೂವರೂ ನಿಂತದ್ದು ಒಂದು ಸಾಕು. ಉಳಿದವು ಇಟ್ಟಿಗೆಯ ಸಂದು, ಗೋಡೆಯ ಗೀಟು, ಹುಟ್ಟು ಹಿಡಿದ ಪಾದ, ಇಂಥವಿರಲಿ.

ದಾ ನಾಂಗ್‌ನಿಂದ ಸೈಗಾನ್ 935 ಕಿ.ಮೀ. ಮೂರನೇ ವಿಮಾನವನ್ನು ಇಲ್ಲಿಗೆ ಇಟ್ಟುಕೊಳ್ಳಿ, ಅಷ್ಟೊತ್ತಿಗೆ ಎಲ್ಲರೂ ದಣಿದಿರುತ್ತೀರಿ. ದಣಿದಿಲ್ಲ ಅಂದರೆ ರೈಲೇ ಸರಿ. ದಾರಿಯಲ್ಲಿ 'ಥಾಪ್ ಚಾಮ್' ಅಂತ ಒಂದು ನಿಲ್ದಾಣ ಸಿಗುತ್ತದೆ, ಚಾಮ್ ಗೋಪುರ ಅಂತ ಅರ್ಥ. ಅಲ್ಲಿ ಗುಡ್ಡದ ಮೇಲಿನ ಗುಡಿಯಲ್ಲಿ ಚಾಮ್ ಜನ ಈಗಲೂ ಪೂಜೆ ಮಾಡುತ್ತಾರೆ.

ಕೊನೆಯ ಎರಡು ದಿನ ಸೈಗಾನ್‌ನ ಮಾಲ್‌ನಲ್ಲಿ ಕಳೆಯಬೇಡಿ. ಒಂದು ರಾತ್ರಿ ಮೆಕಾಂಗ್ ನದಿ ಸೀಮೆಯ ಕನ್ ಥೋದಲ್ಲಿ ಇದ್ದು, ಬೆಳಿಗ್ಗೆ ಐದಕ್ಕೆ ಕಾಯ್ ರಾಂಗ್‌ನ ತೇಲುವ ಸಂತೆಗೆ ಹೋಗಿ. ರಸ್ತೆಗಳು ಚೆನ್ನಾದ ಮೇಲೆ ಸಂತೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ, ಹತ್ತು ವರ್ಷದ ಹಿಂದಿನ ಫೋಟೊ ನೋಡಿ ಹೋದರೆ ನಿರಾಸೆ. ಇದ್ದಷ್ಟೇ ಸಾಕು. ಪ್ರತಿ ದೋಣಿಯ ಮುಂದೆ ಎತ್ತರದ ಬಿದಿರಿನ ಗಳು ನೆಟ್ಟಿರುತ್ತಾರೆ. ಎಂಜಿನ್ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಅದಕ್ಕೆ ಮಾರುವ ಸಾಮಾನನ್ನೇ ಗಳುವಿಗೆ ಕಟ್ಟುತ್ತಾರೆ. ಅನಾನಸ್ ನೇತಾಡುತ್ತಿದ್ದರೆ ಅನಾನಸ್ ದೋಣಿ, ಕುಂಬಳ ಇದ್ದರೆ ಕುಂಬಳದ್ದು. ಮಗಳು ದೂರದಿಂದಲೇ ಓದುತ್ತಾ ಹೋಗಲಿ. ಯಾವುದಾದರೂ ಗಳುವಿನಲ್ಲಿ ಒಂದು ತುಂಡು ತಾಳೆ ಗರಿ ಮಾತ್ರ ಕಂಡು, ಇವರು ಗರಿ ಮಾರುತ್ತಾರಾ ಅಂತ ಅವಳು ಕೇಳಿದರೆ ಹೇಳಿ, ಇಲ್ಲ, ಆ ದೋಣಿಯೇ ಮಾರಾಟಕ್ಕಿದೆ.